ಮುತ್ತಜ್ಜನ ಹೆಸರು ಯಾವ ವಹಿಯಲ್ಲಿದೆ?

ಮನೆಯ ಅಟ್ಟದಲ್ಲಿರುವ ಹಳೆಯ ಕಾಗದಪತ್ರಗಳನ್ನು ಕಾಪಾಡುವ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಉತ್ತರ ಕನ್ನಡ ಜಿಲ್ಲೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದೇ ವಿಷಯವನ್ನು: ಆ ಕಾಗದಗಳಿಂದ ಮನೆತನದ ಇತಿಹಾಸವನ್ನು ಕಟ್ಟುವುದು ಹೇಗೆ? ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಓದುಗರ ಕೋರಿಕೆಯಂತೆ ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಅಡಿಕೆ ತೋಟದ ಮನೆ. ಶಿಕ್ಷಕ ವೃತ್ತಿಯಿಂದ ನಿವೃತ್ತನಾದ ಮೇಲೆ ವಂಶಾವಳಿ ಬರೆಯಬೇಕೆಂದು ಕೂತಿದ್ದೇನೆ. ಶ್ರಾದ್ಧದಲ್ಲಿ ಹೇಳುವ ಮೂರು ತಲೆಮಾರಿನ ಹೆಸರುಗಳು ಗೊತ್ತಿವೆ. ಅದರಾಚೆ, ಹಿರಿಯರು ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ ಬಂದರು ಎಂಬ ಮಾತು ಮಾತ್ರ ಇದೆ. ಎಲ್ಲಿಂದ ಆರಂಭಿಸಲಿ? (ಶಿರಸಿ ತಾಲೂಕಿನ ಓದುಗರು)

ಉತ್ತರ: ನಿಮ್ಮ ಆರಂಭ ಚೆನ್ನಾಗಿಯೇ ಇದೆ. ಅನೇಕರು ಮಯೂರವರ್ಮನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದ ಕಥೆಯಿಂದ ಶುರುಮಾಡಿ ಕೆಳಗಿಳಿಯಲು ನೋಡುತ್ತಾರೆ. ಆ ಕಥೆ ಒಂದು ಸಮುದಾಯದ ನೆನಪು. ಅದನ್ನು ನಿಮ್ಮ ಒಂದು ಮನೆಗೆ ಜೋಡಿಸುವ ದಾಖಲೆ ಇಲ್ಲ. ಅದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡು, ನಿಮ್ಮಿಂದಲೇ ಆರಂಭಿಸಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ತಂದೆಯವರ ವಿಷಯ ದಾಖಲೆಯಿಂದ ಖಚಿತವಾಗುವವರೆಗೆ ಅಜ್ಜನ ಕಡೆಗೆ ಹೆಜ್ಜೆ ಇಡಬೇಡಿ.

ನಮ್ಮ ಕಡೆ ಹೆಸರನ್ನು ನಂಬಿ ಹುಡುಕುವುದು ಬಲು ಅಪಾಯದ ಕೆಲಸ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ಗಣಪತಿಯ ಮಗ ಸುಬ್ರಾಯ, ಸುಬ್ರಾಯನ ಮಗ ಗಣಪತಿ, ಮತ್ತೆ ಅವನ ಮಗ ಸುಬ್ರಾಯ ಎಂದು ನೂರೈವತ್ತು ವರ್ಷ ಎರಡೇ ಹೆಸರು ತಿರುಗುತ್ತಿರುತ್ತವೆ. ಇನ್ನು ಹೆಗಡೆ, ಭಟ್ಟ ಎಂಬ ಅಡ್ಡಹೆಸರುಗಳು ಊರಿಗೆ ಹತ್ತು ಮನೆ. ನಾನೇ ನಮ್ಮ ಮನೆಯ ವಂಶಾವಳಿ ಬರೆಯುವಾಗ ಇಬ್ಬರು ಗಣಪತಿಯರನ್ನು ಒಬ್ಬನೆಂದು ತಿಳಿದು ಒಂದು ತಲೆಮಾರನ್ನೇ ನುಂಗಿಹಾಕಿದ್ದೆ. ಲೆಕ್ಕದಲ್ಲಿ ಆ ಗಣಪತಿ ತೊಂಬತ್ತೊಂದನೆಯ ವಯಸ್ಸಿನಲ್ಲಿ ತೋಟದ ಮೇಲೆ ಸಾಲ ಎತ್ತಿದಂತೆ ಕಂಡಾಗ ಮಾತ್ರ ತಪ್ಪು ಹೊಳೆಯಿತು. ಅಂದಿನಿಂದ ನಾನು ಹಿಡಿದಿರುವ ದಾರಿ ಒಂದೇ: ವ್ಯಕ್ತಿಯ ಹೆಸರಿಗಿಂತ ಮೊದಲು ಅವನು ನಿಂತ ನೆಲವನ್ನು ಹಿಂಬಾಲಿಸುವುದು. ಹೆಸರು ಪುನರಾವರ್ತನೆಯಾಗುತ್ತದೆ, ಸರ್ವೆ ನಂಬರು ಆಗುವುದಿಲ್ಲ.

ಆದ್ದರಿಂದ ನಿಮ್ಮ ತೋಟದ ಈಗಿನ ಪಹಣಿಯನ್ನು ತೆಗೆಯಿರಿ. ಅದರ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರೂ, 10ನೇ ಕಾಲಂನಲ್ಲಿ ಆ ಸ್ವಾಧೀನ ಹೇಗೆ ಬಂತೆಂಬುದೂ, ಹಕ್ಕು ಬದಲಾವಣೆಯ ನಂಬರೂ ಇರುತ್ತವೆ. ಆ ನಂಬರನ್ನು ಹಿಡಿದು, ಪಹಣಿಗಳನ್ನು ಗಣಕಕ್ಕೆ ಏರಿಸಿದ ಭೂಮಿ ಯೋಜನೆಗೆ ಹಿಂದಿನ ಕೈಬರಹದ ಪಹಣಿಗೆ, ಅಲ್ಲಿಂದ ಇನ್ನೂ ಹಿಂದಿನ ಹಕ್ಕುದಾಖಲೆಯ ವಹಿಗಳಿಗೆ ಹೋಗಬಹುದು. ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಕೊಡುವಾಗ 'ನಮ್ಮ ಹಳೆಯ ದಾಖಲೆ ಎಲ್ಲ ಬೇಕು' ಎಂದು ಬರೆದರೆ ಏನೂ ಸಿಗುವುದಿಲ್ಲ. ಗ್ರಾಮ, ಸರ್ವೆ ನಂಬರು, ಹಿಸ್ಸೆ, ಬದಲಾವಣೆಯ ನಂಬರು ಇಷ್ಟನ್ನೂ ನಮೂದಿಸಬೇಕು. ಈಚೆಗೆ ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿರುವುದರಿಂದ, ನಿಮ್ಮ ಗ್ರಾಮದ್ದು ಆಗಿದೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು.

ಮನೆತನದ ಇತಿಹಾಸಕ್ಕೆ ಪಹಣಿಗಿಂತ ಹಕ್ಕು ಬದಲಾವಣೆಯ ವಹಿಯೇ ಹೆಚ್ಚಿನ ಬೆಲೆಯುಳ್ಳದ್ದು. ಮುಂಬೈ ಪ್ರಾಂತದಲ್ಲಿ 1903ರ ಕಾಯಿದೆಯ ನಂತರ ಹಕ್ಕುದಾಖಲೆಯ ಪದ್ಧತಿ ಬಂದು, ಖಾತೆದಾರ ತೀರಿಕೊಂಡಾಗ ಅವನ ವಾರಸುದಾರರು ಯಾರು, ಅವರಲ್ಲಿ ಅಪ್ರಾಪ್ತರು ಯಾರು, ಅವರ ಪಾಲಕರು ಯಾರು ಎಂಬುದನ್ನು ಶ್ಯಾನುಭೋಗರು ಊರವರ ಮುಂದೆ ವಿಚಾರಿಸಿ ಬರೆಯುವುದು ನಿಯಮವಾಯಿತು. ಹೀಗಾಗಿ ನಾಲ್ಕು ಸಾಲಿನ ಒಂದು ವಾರಸಾ ನೋಂದಣಿಯಲ್ಲಿ ಒಂದು ಇಡೀ ಮನೆಯೇ ಕೂತಿರುತ್ತದೆ. ಆದರೆ ಓದುವಾಗ ಎರಡು ಎಚ್ಚರ ಬೇಕು. ವಾರಸಾ ದಾಖಲಾದ ತಾರೀಖು ಸಾವಿನ ತಾರೀಖಲ್ಲ. ಸತ್ತು ನಾಲ್ಕೈದು ವರ್ಷ ಕಳೆದ ಮೇಲೆ, ಸಾಲಕ್ಕೋ ಮಾರಾಟಕ್ಕೋ ಅಗತ್ಯ ಬಿದ್ದಾಗ ಹೆಸರು ಏರಿಸಿಕೊಂಡವರೇ ಹೆಚ್ಚು. ಎರಡನೆಯದಾಗಿ, ಖಾತೆಯಲ್ಲಿ ಒಬ್ಬನದೇ ಹೆಸರಿದ್ದರೆ ಅವನಿಗೆ ತಮ್ಮಂದಿರೇ ಇರಲಿಲ್ಲ ಎಂದು ತಿಳಿಯಬಾರದು. ಒಟ್ಟು ಕುಟುಂಬದ ಯಜಮಾನನಾಗಿ ಅಣ್ಣನ ಹೆಸರು ಮಾತ್ರ ಕಾಗದಕ್ಕೆ ಏರಿ, ಒಂದೇ ಸೂರಿನಡಿ ಉಂಡ ಮೂವರು ತಮ್ಮಂದಿರು ಕಾಣದೆ ಹೋಗಿರುವುದುಂಟು.

ಆ ಕಾಣದವರು ಪಾಲುಪಟ್ಟಿಯಲ್ಲಿ ಹೊರಬರುತ್ತಾರೆ. ಹಳೆಯ ಪಾಲುಪಟ್ಟಿಗಳಲ್ಲಿ ಹಿಸ್ಸೆಯನ್ನು ಆಣೆ, ಪೈ ಲೆಕ್ಕದಲ್ಲಿ ಬರೆಯುತ್ತಿದ್ದರು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ನಿಮ್ಮ ಮುತ್ತಜ್ಜನ ಪಾಲು 5 ಆಣೆ 4 ಪೈ ಎಂದಿದ್ದರೆ ಅದು ಸರಿಯಾಗಿ ಮೂರನೆಯ ಒಂದು ಭಾಗ. ಅಂದರೆ ಪಾಲಿಗೆ ಕೂತ ಕವಲುಗಳು ಮೂರು. ಜೊತೆಗೆ ಇಬ್ಬರ ಹೆಸರಿನ ಮುಂದೆ 2 ಆಣೆ 8 ಪೈ ಇದ್ದರೆ, ಅವರು ತೀರಿಹೋದ ಒಬ್ಬ ಸಹೋದರನ ಮಕ್ಕಳಿರಬೇಕು ಎಂಬ ಊಹೆಗೆ ಆಧಾರ ಸಿಗುತ್ತದೆ. ಪಾಲಿನ ವ್ಯಾಜ್ಯ ಕೋರ್ಟಿಗೆ ಹೋಗಿದ್ದರಂತೂ ನಿಮ್ಮ ಪುಣ್ಯ! ದಾವೆಯ ಜೊತೆಯಲ್ಲಿ ವಂಶವೃಕ್ಷವನ್ನೂ ಲಗತ್ತಿಸುವುದು ರೂಢಿ. ಅಣ್ಣತಮ್ಮಂದಿರ ಜಗಳ ಮೊಮ್ಮಕ್ಕಳಿಗೆ ಇಷ್ಟು ಉಪಕಾರ ಮಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನೋಂದಣಿಯಾದ ಪತ್ರಗಳಿಗಾಗಿ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಬೇಕು. ಆನ್‌ಲೈನಿನ ಕಾವೇರಿ ವ್ಯವಸ್ಥೆಯಲ್ಲಿ 2004ರ ಏಪ್ರಿಲ್‌ನಿಂದ ಈಚಿನ ಋಣಭಾರ ವಿವರ ಮಾತ್ರ ಸಿಗುವುದರಿಂದ, ಹಿಂದಿನದಕ್ಕೆ ಕಚೇರಿಯ ಸೂಚಿ ಪುಸ್ತಕಗಳೇ ಗತಿ. 1908ರ ನೋಂದಣಿ ಕಾಯಿದೆಯಂತೆ ಸ್ಥಿರಾಸ್ತಿಗೆ ಸಂಬಂಧಿಸಿದ 1ನೇ ಪುಸ್ತಕವನ್ನು ಶುಲ್ಕ ಕೊಟ್ಟು ಯಾರೂ ನೋಡಬಹುದು. ಮರಣಶಾಸನಗಳಿರುವ 3ನೇ ಪುಸ್ತಕದ ನಕಲನ್ನು, ಬರೆದವರು ತೀರಿಕೊಂಡ ಮೇಲೆ, ಕೇಳಿದ ಯಾರಿಗಾದರೂ ಕೊಡಬಹುದು. ಇದು ಗೊತ್ತಿಲ್ಲದೆ ಎಷ್ಟೋ ಜನ ಬಾಗಿಲಿಂದಲೇ ಹಿಂತಿರುಗುತ್ತಾರೆ.

ಇನ್ನು ಕಾಲದ ಲೆಕ್ಕ. ಮನೆಯ ಜಾತಕಗಳಲ್ಲಿ ಶಕ ವರ್ಷವಿದ್ದರೆ 78 ಕೂಡಿಸಿದರಾಯಿತು. ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79. ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು 60 ವರ್ಷಕ್ಕೊಮ್ಮೆ ಮರಳುವುದರಿಂದ ಇನ್ನೊಂದು ಸಾಕ್ಷಿ ಬೇಕು. ಬಹುಧಾನ್ಯ ಎಂದರೆ 1938–39 ಇರಬಹುದು, 1878–79 ಕೂಡ ಇರಬಹುದು. 'ಧಾತು ಬರದ ಕಾಲದಲ್ಲಿ ಹುಟ್ಟಿದವರು' ಎಂದು ಹಿರಿಯರು ಹೇಳಿದರೆ ಅದು 1876–77ರ ಧಾತು ಸಂವತ್ಸರ. ಇಂಥ ಮಾತು ಎಷ್ಟೋ ಸಲ ಶಾಲೆಯ ದಾಖಲೆಗಿಂತ ಹೆಚ್ಚು ನಂಬಲರ್ಹ. ಶಾಲೆಯ ದಾಖಲೆಯಲ್ಲಿ ಅರ್ಧ ತರಗತಿಯೇ ಜೂನ್ 1ರಂದು ಹುಟ್ಟಿರುತ್ತದೆ ಎಂಬುದನ್ನು ಶಿಕ್ಷಕರಾದ ನಿಮಗೆ ನಾನು ಹೇಳಬೇಕಾಗಿಲ್ಲ.

ಹೊನ್ನಾವರದ ಪ್ರಶ್ನೆಗೆ ಬರುತ್ತೇನೆ. ನಮ್ಮ ಜಿಲ್ಲೆಯ ಕಾಗದಗಳು ಮೂರು ಆಡಳಿತಗಳಲ್ಲಿ ಹಂಚಿಹೋಗಿವೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಮದ್ರಾಸಿನ ಆಡಳಿತಕ್ಕೆ ಸೇರಿತು. 1862ರಲ್ಲಿ ಉತ್ತರ ಕೆನರಾ ಮುಂಬೈ ಪ್ರಾಂತಕ್ಕೆ ಹೋಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಹೀಗಾಗಿ 1862ಕ್ಕಿಂತ ಹಿಂದಿನ ಜಿಲ್ಲಾಡಳಿತದ ಕಾಗದಗಳಿಗೆ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದ ಕಡೆಗೂ, ಆಮೇಲಿನವಕ್ಕೆ ಮುಂಬೈಯ ಮಹಾರಾಷ್ಟ್ರ ಪತ್ರಾಗಾರದ ಕಡೆಗೂ ಮುಖ ಮಾಡಬೇಕಾಗುತ್ತದೆ. ನಮ್ಮ ರಾಜ್ಯ ಪತ್ರಾಗಾರಕ್ಕೆ ಧಾರವಾಡದಲ್ಲಿಯೂ ಒಂದು ಕಚೇರಿ ಇದೆ. ಆದರೆ ನನ್ನ ಮಾತು ಕೇಳುವುದಾದರೆ ಈಗಲೇ ಚೆನ್ನೈ ರೈಲು ಹತ್ತಬೇಡಿ. ಮದ್ರಾಸ್ ಕಾಲದ ಕಲೆಕ್ಟರರ ಪತ್ರವ್ಯವಹಾರದಲ್ಲಿ ಕಂದಾಯ, ಮೆಣಸು, ಬಂದರುಗಳ ಸುದ್ದಿ ಹೇರಳ. ಸಾಮಾನ್ಯ ತೋಟಿಗನ ಹೆಸರು ಅಪರೂಪ. ಹೊನ್ನಾವರದ ಯಾವ ಊರು ಎಂಬುದು ಮೊದಲು ಗೊತ್ತಾಗಬೇಕು, ಅದಕ್ಕೆ ನಿಮ್ಮ ಪುರೋಹಿತರ ಮನೆಯೂ ಕುಲದೇವರ ದೇವಸ್ಥಾನವೂ ಹತ್ತಿರದ ದಾರಿ. ಘಟ್ಟದ ಮೇಲೆ ನೆಲೆಸಿಯೂ ಕೆಳಗಿನ ಒಂದು ನಿರ್ದಿಷ್ಟ ದೇವಸ್ಥಾನಕ್ಕೆ ತಲೆತಲಾಂತರದಿಂದ ಕಾಣಿಕೆ ಕಳಿಸುತ್ತಿದ್ದರೆ, ಆ ಊರಿನಲ್ಲಿ ಮೊದಲು ವಿಚಾರಿಸಿ.

ನೆಲದ ದಾಖಲೆ ಕೇಳಹೊರಟಾಗ ಒಂದು ಲೌಕಿಕ ತೊಡಕು ಎದುರಾಗುತ್ತದೆ. ದಾಯಾದಿಗಳ ಮನೆಗೆ ಹೋಗಿ ಹಳೆಯ ಪಾಲುಪಟ್ಟಿ ತೋರಿಸಿ ಎಂದರೆ, ಕವಳದ ಹರಿವಾಣ ಮುಂದಿಟ್ಟ ದೊಡ್ಡಮ್ಮನೇ 'ತಮಾ, ಎಂತಕ್ಕೆ ಈಗ ಅದೆಲ್ಲ?' ಎಂದು ಮುಖ ನೋಡುತ್ತಾರೆ. ಆಸ್ತಿಯ ಆಸೆಗೆ ಬಂದಿಲ್ಲವೆಂಬುದನ್ನು ಮೊದಲೇ ಹೇಳಿ, ನೀವು ಬರೆದ ವಂಶಾವಳಿಯ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟು, ತಪ್ಪಿದ್ದರೆ ತಿದ್ದಿ ಎನ್ನಿ. ಕೇಳಿದರೆ ಬಾಯಿ ಬಿಡದವರೂ ತಪ್ಪು ಕಂಡರೆ ಸುಮ್ಮನಿರುವುದಿಲ್ಲ.

ಪ್ರಶ್ನೆ: ವಿದೇಶದಲ್ಲಿರುವ ನನ್ನ ಮಗಳು, ಅಲ್ಲಿನವರು ನೂರು ವರ್ಷದ ಹಿಂದಿನ ಜನಗಣತಿಯ ಮನೆವಾರು ಹಾಳೆಗಳಲ್ಲಿ ಹಿರಿಯರನ್ನು ಹುಡುಕುತ್ತಾರೆ ಎನ್ನುತ್ತಾಳೆ. ನಮ್ಮಲ್ಲಿ ಅದು ಸಾಧ್ಯವೇ? (ಕುಮಟಾದ ಓದುಗರು)

ಉತ್ತರ: ಸಾಧ್ಯವಿಲ್ಲ. ನಮ್ಮಲ್ಲಿ ಉಳಿದಿರುವುದು ಅಂಕಿಅಂಶದ ಕೋಷ್ಟಕಗಳು ಮಾತ್ರ. 1948ರ ಜನಗಣತಿ ಕಾಯಿದೆ ಮನೆವಾರು ಹಾಳೆಗಳನ್ನು ಸಾರ್ವಜನಿಕರು ನೋಡುವುದಕ್ಕೆ ಅವಕಾಶವನ್ನೂ ಕೊಟ್ಟಿಲ್ಲ. ಜನನ ಮರಣದ ನೋಂದಣಿಯೂ 1969ರ ಕಾಯಿದೆ 1970ರ ಏಪ್ರಿಲ್‌ನಲ್ಲಿ ಜಾರಿಯಾದ ಮೇಲೆಯೇ ಒಂದು ಹದಕ್ಕೆ ಬಂತು. ಅದಕ್ಕೆ ಹಿಂದಿನದು ಊರಿನ ಪಟೇಲರ ಶ್ರದ್ಧೆಯನ್ನು ಅವಲಂಬಿಸಿತ್ತು. ಕ್ರೈಸ್ತ ಮನೆತನದವರಾದರೆ ನಿಮಗೆ ಇಗರ್ಜಿಯ ಜ್ಞಾನಸ್ನಾನ, ವಿವಾಹ ಮತ್ತು ಮರಣದ ವಹಿಗಳಿವೆ. ಈ ವಿಷಯದಲ್ಲಿ ಕರಾವಳಿಯ ಉಳಿದೆಲ್ಲರಿಗಿಂತ ನೀವು ಭಾಗ್ಯವಂತರು. ಕಾರವಾರ ಧರ್ಮಪ್ರಾಂತ ರಚನೆಯಾದದ್ದು 1976ರಲ್ಲಿ. ಆದ್ದರಿಂದ ಹಳೆಯ ವಹಿಗಳನ್ನು ಹುಡುಕಬೇಕಾದದ್ದು ಧರ್ಮಪ್ರಾಂತದ ಕಚೇರಿಯಲ್ಲಲ್ಲ, ನಿಮ್ಮ ಊರಿನ ಇಗರ್ಜಿಯಲ್ಲಿ.

ಪ್ರಶ್ನೆ: ನಾವು ತಲೆಮಾರುಗಳಿಂದ ಗೇಣಿಗೆ ಗದ್ದೆ ಮಾಡಿದವರು. ಜಮೀನು ನಮ್ಮ ಹೆಸರಿಗೆ ಬಂದದ್ದು ತಂದೆಯ ಕಾಲದಲ್ಲಿ. ಅದಕ್ಕಿಂತ ಹಿಂದೆ ಸರಕಾರದ ಯಾವ ಕಾಗದದಲ್ಲಿಯೂ ನಮ್ಮವರ ಹೆಸರು ಇರಲಾರದು ಎಂದು ಊರಿನವರು ಹೇಳುತ್ತಾರೆ. ಹಾಗಾದರೆ ನಮಗೆ ಇತಿಹಾಸವೇ ಇಲ್ಲವೇ? (ಅಂಕೋಲಾ ತಾಲೂಕಿನ ಓದುಗರು)

ಉತ್ತರ: ಊರಿನವರ ಮಾತು ತಪ್ಪು. ಒಡೆಯನ ಕಾಲಂನಲ್ಲಿ ನಿಮ್ಮವರು ಇರಲಿಕ್ಕಿಲ್ಲ. ಆದರೆ ಪಹಣಿಯಲ್ಲಿ ಸಾಗುವಳಿದಾರರದೇ ಬೇರೆ ಕಾಲಂ ಇದೆ, ಅದು 12ನೆಯದು. ಉಳುವವನ ಹೆಸರು ಅಲ್ಲಿ ವರ್ಷವರ್ಷವೂ ದಾಖಲಾಗಬೇಕಿತ್ತು. ದಾಖಲಾಗದಂತೆ ನೋಡಿಕೊಂಡ ಒಡೆಯರೂ ಇದ್ದರು ಎಂಬುದು ಬೇರೆ ಮಾತು.

ನಿಮ್ಮ ತಂದೆಯವರಿಗೆ ಜಮೀನು ಬಂದದ್ದು 1974ರ ಭೂಸುಧಾರಣೆಯ ತಿದ್ದುಪಡಿಯಿಂದಲೇ ಆಗಿದ್ದರೆ, ಅವರು ಗೇಣಿದಾರರು ಒಡೆತನ ಕೋರುವ ನಮೂನೆ 7ರಲ್ಲಿ ಅರ್ಜಿ ಕೊಟ್ಟಿರುತ್ತಾರೆ. ಭೂ ನ್ಯಾಯಮಂಡಳಿಯ ಆ ಕಡತವನ್ನು ಮೊದಲು ಕೇಳಿ ಪಡೆಯಿರಿ. ಎಷ್ಟು ಕಾಲದಿಂದ ಸಾಗುವಳಿ ಇದೆ, ಯಾರ ಕಾಲದಲ್ಲಿ ಹಿಡಿದದ್ದು, ಗೇಣಿ ಎಷ್ಟು ಖಂಡುಗ ಭತ್ತ, ಸಾಕ್ಷಿ ಹೇಳಿದ ನೆರೆಯವರು ಯಾರು ಎಂಬುದೆಲ್ಲ ಹೇಳಿಕೆಯ ರೂಪದಲ್ಲಿ ಅಲ್ಲಿರುತ್ತದೆ. ಅಕ್ಷರ ಬಾರದ ಅಜ್ಜಿಯೊಬ್ಬಳು ತನ್ನ ಬದುಕಿನ ಬಗ್ಗೆ ಕೊಟ್ಟ ಏಕೈಕ ಲಿಖಿತ ಹೇಳಿಕೆ, ಕೊನೆಯಲ್ಲಿ ಹೆಬ್ಬೆಟ್ಟಿನ ಗುರುತಿನೊಂದಿಗೆ, ಇಂಥ ಒಂದು ಕಡತದಲ್ಲಿ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ಅದರ ಮುಂದೆ ರಾಜರ ಶಾಸನ ನನಗೆ ದೊಡ್ಡದಾಗಿ ಕಂಡಿಲ್ಲ. ಆದೇಶದ ಪ್ರತಿಯೊಂದನ್ನೇ ತಂದು ತೃಪ್ತರಾಗಬೇಡಿ, ಹೇಳಿಕೆಗಳ ಪ್ರತಿಯನ್ನೂ ಕೇಳಿ. ಅದಕ್ಕೂ ಹಿಂದೆ, ಮುಂಬೈ ಪ್ರಾಂತದ 1948ರ ಗೇಣಿ ಕಾಯಿದೆ ನಮ್ಮ ಜಿಲ್ಲೆಗೂ ಅನ್ವಯಿಸುತ್ತಿದ್ದುದರಿಂದ, ರಕ್ಷಿತ ಗೇಣಿದಾರರೆಂದು ಅಜ್ಜನ ಹೆಸರು ಇತರೆ ಹಕ್ಕುಗಳ ಕಾಲಂನಲ್ಲಿ ಏರಿರುವ ಸಾಧ್ಯತೆ ಇದೆ. ಒಡೆಯರ ಮನೆಯವರ ಜೊತೆ ಈಗ ಒಳ್ಳೆಯ ಸಂಬಂಧ ಉಳಿದಿದ್ದರೆ, ಅವರ ಗೇಣಿ ಲೆಕ್ಕದ ವಹಿಯನ್ನೂ ಗೇಣಿಚೀಟಿಗಳನ್ನೂ ನೋಡಲು ಕೇಳಿ. ಒಡೆಯರು ಲೆಕ್ಕವನ್ನು ಮರೆಯುವವರಲ್ಲ.

ನಿಮ್ಮ ತಾಲೂಕಿಗೆ ವಿಶೇಷವಾದ ಒಂದು ಸಂಗತಿಯೂ ಇದೆ. 1930ರ ಉಪ್ಪಿನ ಸತ್ಯಾಗ್ರಹದ ನಂತರ ಅಂಕೋಲಾ, ಸಿದ್ದಾಪುರ ಭಾಗಗಳಲ್ಲಿ ಕರನಿರಾಕರಣೆ ನಡೆದು, ಕಂದಾಯ ಕೊಡದವರ ಜಮೀನುಗಳನ್ನು ಸರಕಾರ ಮುಟ್ಟುಗೋಲು ಹಾಕಿಕೊಂಡಿತು. 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಅವನ್ನು ಹಿಂತಿರುಗಿಸುವ ವ್ಯವಸ್ಥೆಯಾಯಿತು. ಆ ಏಳೆಂಟು ವರ್ಷಗಳಲ್ಲಿ ಗದ್ದೆಯ ಮೇಲೆ ಇದ್ದಕ್ಕಿದ್ದಂತೆ ಅಪರಿಚಿತರ ಹೆಸರು ಬಂದು ಮತ್ತೆ ಹೋದದ್ದು ಕಂಡರೆ, ಮಾರಾಟವೆಂದು ಬರೆದುಕೊಳ್ಳುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಇನ್ನು, ಕಾರವಾರ–ಅಂಕೋಲಾ ನಡುವೆ ನೌಕಾನೆಲೆಗಾಗಿ ಮನೆ ಕಳೆದುಕೊಂಡವರು, ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರು ಕೂಡ ಇದೇ ಪ್ರಶ್ನೆ ಕೇಳುತ್ತಿರುತ್ತಾರೆ. ನೆಲ ಹೋದರೂ ಭೂಸ್ವಾಧೀನದ ಐತೀರ್ಪು, ಅಂದರೆ ಪರಿಹಾರ ನಿಗದಿ ಮಾಡಿದ ಆದೇಶ, ಉಳಿದಿರುತ್ತದೆ; ಪರಿಹಾರಕ್ಕೆ ಹಕ್ಕುದಾರರು ಯಾರು ಎಂಬುದನ್ನು ನಿರ್ಧರಿಸುವಾಗ ಸಂಬಂಧಗಳನ್ನು ಬರೆಯದೆ ಗತ್ಯಂತರವಿರಲಿಲ್ಲ. ಮೀನುಗಾರರ ಮನೆಗಳಿಗೆ ಗದ್ದೆಯ ದಾಖಲೆ ಇಲ್ಲದಿದ್ದರೂ ಸಹಕಾರ ಸಂಘದ ಷೇರುದಾರರ ವಹಿಯಲ್ಲಿ ತಂದೆಯ ಹೆಸರು, ಕೇರಿ ಮತ್ತು ವಾರಸುದಾರನ ಹೆಸರು ಇರುತ್ತವೆ.

ಪ್ರಶ್ನೆ: ಕಾರವಾರ ನನ್ನ ತವರು. ನಮ್ಮ ಕುಲದೇವರು ಗೋವೆಯ ಫೋಂಡಾದ ಕಡೆ ಇದ್ದಾರೆ. ನನಗೆ ಗಂಡಸರ ಪಟ್ಟಿ ಬೇಡ. ಅಜ್ಜಿಯ ತಾಯಿ ಯಾರು, ಅವಳ ತಾಯಿ ಯಾರು ಎಂದು ತಿಳಿಯಬೇಕು. ದಾಖಲೆಯಲ್ಲಿ ಹೆಂಗಸರು ಎಲ್ಲಿ ಸಿಗುತ್ತಾರೆ? (ಕಾರವಾರ ಮೂಲದ ಓದುಗರು)

ಉತ್ತರ: ಈ ನಾಲ್ಕರಲ್ಲಿ ಕಠಿಣವಾದದ್ದು ನಿಮ್ಮ ಪ್ರಶ್ನೆ. ನಮ್ಮ ಕಡೆಯ ಅನೇಕ ಸಮುದಾಯಗಳಲ್ಲಿ ಮದುವೆಯ ದಿನವೇ ಹೆಣ್ಣಿನ ಹೆಸರು ಬದಲಾಗುತ್ತದೆ. ತವರಿನಲ್ಲಿ ಶಾಂತಿ ಆಗಿದ್ದವಳು ಗಂಡನ ಮನೆಯಲ್ಲಿ ರಾಧಾಬಾಯಿ. ಶಾಲೆಯ ದಾಖಲೆಯ ಹುಡುಗಿಯೂ ಪಹಣಿಯ ವಿಧವೆಯೂ ಒಬ್ಬಳೇ ಎಂಬುದನ್ನು ಹೆಸರು ಹೇಳುವುದೇ ಇಲ್ಲ. ಆದ್ದರಿಂದ ಪ್ರತಿಯೊಬ್ಬ ಹೆಣ್ಣುಮಗಳಿಗೂ ಎರಡು ಹೆಸರು, ಎರಡು ಊರು, ಎರಡು ಗೋತ್ರ ಎಂಬ ಲೆಕ್ಕದಲ್ಲಿ ಹಾಳೆ ತಯಾರಿಸಿ, ಗೊತ್ತಿಲ್ಲದ ಕಡೆ ಖಾಲಿ ಬಿಡಿ.

ಕಂದಾಯ ದಾಖಲೆಯಲ್ಲಿ 'ಬಿನ್' ಎಂದರೆ ಇಂಥವರ ಮಗ, 'ಕೋಂ' ಎಂದರೆ ಇಂಥವರ ಹೆಂಡತಿ. ಆ 'ಕೋಂ' ಎಂಬ ಅಕ್ಷರ ಹುಡುಕಿಕೊಂಡು ಹೋಗಿ. ಹೆಂಗಸಿನ ಹೆಸರು ಕಾಗದಕ್ಕೆ ಬರುವುದು ಸಾಮಾನ್ಯವಾಗಿ ವಿಧವೆಯಾಗಿ, ಅಪ್ರಾಪ್ತ ಮಗನ ಪಾಲಕಳಾಗಿ, ಜೀವನಾಂಶ ಪಡೆಯುವವಳಾಗಿ, ದತ್ತು ತೆಗೆದುಕೊಳ್ಳುವವಳಾಗಿ. ಅಂದರೆ ಮನೆಗೆ ಕಷ್ಟ ಬಂದಾಗ. ದತ್ತಕಪತ್ರವನ್ನಂತೂ ಬಿಡಬೇಡಿ, ಅದರಲ್ಲಿ ಕೊಟ್ಟವರ ಮತ್ತು ಪಡೆದವರ ಮನೆತನಗಳೆರಡೂ ಬರುತ್ತವೆ. ತವರಿನವರು ಕೊಟ್ಟ ಜಮೀನಿಗೆ ದಾನಪತ್ರ ಆಗಿದ್ದರೆ ಅದರಲ್ಲಿ ತಂದೆಯ ಹೆಸರು ಇದ್ದೇ ಇರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರದ ವಾರಸಾ ನೋಂದಣಿಗಳಲ್ಲಿ ಹೆಣ್ಣುಮಕ್ಕಳು ಕಾಣತೊಡಗುತ್ತಾರೆ. ಅವರು ಹಕ್ಕು ಬಿಟ್ಟುಕೊಟ್ಟ ಪತ್ರಗಳಲ್ಲಿಯಂತೂ, ವಿಪರ್ಯಾಸವೆಂದರೆ, ಗಂಡನ ಹೆಸರು, ಊರು, ವಯಸ್ಸು ಸಮೇತ ಪೂರ್ತಿ ವಿವರ ಇರುತ್ತದೆ.

ಅಜ್ಜಿಯ ಅಣ್ಣತಮ್ಮಂದಿರ ಮನೆ ಗೊತ್ತಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಆ ಮನೆಯ ಶ್ರಾದ್ಧದಲ್ಲಿ ನಿಮ್ಮ ಅಜ್ಜಿಯ ತಾಯಿ, ಗಂಡನ ಮನೆಯ ಹೆಸರಿನಿಂದ, ಪಿತಾಮಹಿಯಾಗಿಯೋ ಪ್ರಪಿತಾಮಹಿಯಾಗಿಯೋ ಬರುತ್ತಾಳೆ. ಮಹಾಲಯದಲ್ಲಿ ತಾಯಿಯ ಕಡೆಯ ಹಿರಿಯರನ್ನೂ ಸೋದರತ್ತೆಯರನ್ನೂ ನೆನೆಯುವ ಕಾರಣ, ಪುರೋಹಿತರ ಅಥವಾ ಮನೆಯ ಹಿರಿಯರ ಬಳಿ ಬರೆದಿಟ್ಟ ಪಟ್ಟಿ ಇರುವುದು ಸಾಮಾನ್ಯ. ಅದರ ಫೋಟೋ ತೆಗೆದುಕೊಳ್ಳಿ. ಬರೆದವರ ಕೈ ಬದಲಾದ ಜಾಗಗಳನ್ನೂ ಗುರುತಿಸಿಕೊಳ್ಳಿ. ಯಾವ ಹೆಸರನ್ನು ಯಾರು ಸೇರಿಸಿದರು ಎಂಬುದರಿಂದ ಸಾವಿನ ಕಾಲವನ್ನು ಅಂದಾಜಿಸಬಹುದು. ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿಯೂ ಹರಿದ್ವಾರದಲ್ಲಿಯೂ ತೀರ್ಥಪುರೋಹಿತರು ಯಾತ್ರಿಕರ ವಂಶಾವಳಿಯನ್ನು ವಹಿಗಳಲ್ಲಿ ಬರೆದಿಡುವ ಪದ್ಧತಿ ಇದೆ. ಮನೆಯ ಯಾರಾದರೂ ಅಲ್ಲಿಗೆ ಹೋಗಿದ್ದರೆ ಊರು, ಗೋತ್ರ, ಅಡ್ಡಹೆಸರು ಹೇಳಿ ಕೇಳಬಹುದು. ಗೋಕರ್ಣದಲ್ಲಿ ನಿಮ್ಮ ಮನೆತನದ ಉಪಾಧಿವಂತರ, ಅಂದರೆ ಅಲ್ಲಿನ ಕ್ಷೇತ್ರಪುರೋಹಿತರ, ಮನೆಯಲ್ಲಿಯೂ ವಿಚಾರಿಸಿ.

ಗೋವೆಯ ಕಡೆಗೆ ಕೊನೆಯಲ್ಲಿ ಹೋಗಿ. 16ನೇ ಶತಮಾನದಲ್ಲಿ ಪೋರ್ಚುಗೀಸರ ಕಾಟದಿಂದ ದೇವರುಗಳೇ ನದಿ ದಾಟಿ ಫೋಂಡಾಕ್ಕೆ ಬಂದವು, ಆದ್ದರಿಂದ ದೇವಸ್ಥಾನ ಈಗಿರುವ ಊರು ನಿಮ್ಮ ಹಿರಿಯರ ಊರಲ್ಲದಿರಬಹುದು. ದೇವರ ಮೂಲಸ್ಥಾನ ಯಾವುದೆಂದು ಕೇಳಿಕೊಳ್ಳಿ. ಪಣಜಿಯ ಗೋವಾ ಪತ್ರಾಗಾರದಲ್ಲಿ 16ನೇ ಶತಮಾನದಿಂದ ಈಚಿನ ಕಾಗದಗಳಿವೆ, ಆದರೆ ಹೆಚ್ಚಿನವು ಪೋರ್ಚುಗೀಸಿನಲ್ಲಿವೆ. ಮನೆಯ ಹಳೆಯ ಕಾಗದಗಳು ಮೋಡಿ ಎಂಬ ಹಳೆಯ ಕೂಡುಬರಹದ ಲಿಪಿಯಲ್ಲಿದ್ದರೆ ಅದು ಕೊಂಕಣಿಯೋ ಮರಾಠಿಯೋ ಎಂದು ನೀವೇ ತೀರ್ಮಾನಿಸದೆ, ಮೋಡಿ ಬಲ್ಲವರಿಗೆ ತೋರಿಸಿ. ತೋರಿಸುವಾಗ ಮೂಲವನ್ನು ಕೈಬಿಡಬೇಡಿ, ಫೋಟೋ ಸಾಕು. ಪ್ಲಾಸ್ಟಿಕ್ ಹಾಳೆಯಲ್ಲಿ ಲ್ಯಾಮಿನೇಶನ್ ಮಾಡಿಸುವ ಯೋಚನೆ ಇದ್ದರೆ ಅದನ್ನು ಇಂದೇ ಬಿಡಿ. ನಿಮ್ಮ ಪತ್ರದ ಕೊನೆಯಲ್ಲಿ, ಸದಾಶಿವಗಡದಲ್ಲಿ ತೊಂಬತ್ತು ದಾಟಿದ ಚಿಕ್ಕಜ್ಜಿಯೊಬ್ಬರು ಇದ್ದಾರೆಂದು ಬರೆದಿದ್ದೀರಿ. ಪಣಜಿ, ಮುಂಬೈ ಎಲ್ಲವೂ ಮುಂದಿನ ವರ್ಷಕ್ಕೆ ಇರಲಿ. ಈ ಭಾನುವಾರ ಅವರ ಮನೆಗೆ ಹೋಗಿ.